ಪಿರಮಿಡ್ ನೋಡುವುದಾದರೆ ಗೀಜಾದಿಂದ ಶುರುಮಾಡಬೇಡ

ಪ್ರೀತಿಯ ಗೆಳೆಯಾ,

ಅಪ್ಪ, ಅಮ್ಮ, ಮಕ್ಕಳನ್ನೆಲ್ಲ ಕರೆದುಕೊಂಡು ಡಿಸೆಂಬರಿನಲ್ಲಿ ಈಜಿಪ್ಟಿಗೆ ಹೊರಟಿದ್ದೀಯ ಅಂತ ಕೇಳಿ ಬಹಳ ಸಂತೋಷವಾಯಿತು. ತಿಂಗಳು ಸರಿಯಾಗಿಯೇ ಆರಿಸಿದ್ದೀಯ. ಹಗಲು ಹಿತವಾದ ಬಿಸಿಲು, ಮುಂಜಾನೆ ಮಾತ್ರ ಚಳಿ, ಅಮ್ಮನಿಗೊಂದು ಸ್ವೆಟರ್ ಇರಲಿ. ಮಾರ್ಚ್ ಬಂತೆಂದರೆ ಖಮ್ಸೀನ್ ಅನ್ನೋ ಬಿಸಿ ಮರಳುಗಾಳಿ ಶುರುವಾಗುತ್ತದೆ, ಆಗ ಕಣ್ಣು ಬಿಡುವುದೇ ಕಷ್ಟ.

ಬಹಳಷ್ಟು ಜನ ಬೆಳಿಗ್ಗೆ ಗೀಜಾದ ದೊಡ್ಡ ಪಿರಮಿಡ್‌ಗಳು, ಊಟವಾದ ಮೇಲೆ ಸಕಾರಾದ ಹಳೆಯ ಪಿರಮಿಡ್‌ಗಳು ಅಂತ ಒಂದೇ ದಿನದಲ್ಲಿ ಮುಗಿಸುತ್ತಾರೆ. ಚಳಿಗಾಲದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಹಾಕುವುದರಿಂದ ಸಕಾರಾದಲ್ಲಿ ಫೋಟೋ ತೆಗೆಯುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. ನೀನು ಇದನ್ನು ತಿರುಗಿಸು. ಮೊದಲ ದಿನ ಸಕಾರಾ ಮತ್ತು ದಹಶೂರ್, ಎರಡನೆಯ ದಿನ ಗೀಜಾ. ಪಿರಮಿಡ್ ಕಟ್ಟುವುದನ್ನು ಹಳೆಯ ಈಜಿಪ್ಟಿನವರು ಕಲಿತದ್ದೇ ಆ ಕ್ರಮದಲ್ಲಿ. ಮಕ್ಕಳಿಗೆ ಬಾಯಲ್ಲಿ ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಸಕಾರಾದಲ್ಲಿ ಮೊದಲು ಜೋಸರ್ ರಾಜನ ಮೆಟ್ಟಿಲು ಪಿರಮಿಡ್. ಒಂದರ ಮೇಲೊಂದು ಆರು ಹಂತ, ಸುಮಾರು 62 ಮೀಟರ್ ಎತ್ತರ. ಅದರ ನಕ್ಷೆ ಹಾಕಿದವನು ಆ ರಾಜನ ಮಂತ್ರಿ ಇಮ್‌ಹೊಟೆಪ್ ಎನ್ನುತ್ತಾರೆ. ಆದರೆ ಹೆಚ್ಚು ಹೊತ್ತು ಕೊಡಬೇಕಾದದ್ದು ಅಲ್ಲೇ ಹತ್ತಿರದ ಮೆರೆರುಕಾನ ಸಮಾಧಿಗೆ. ಇವನು ಟೆಟಿ ರಾಜನ ಮಂತ್ರಿ. ಒಳಗೆ ಮೂವತ್ತಕ್ಕೂ ಹೆಚ್ಚು ಕೋಣೆಗಳಿವೆ, ಬಗ್ಗದೆ ನಡೆದುಕೊಂಡೇ ಹೋಗಬಹುದು, ಹಾಗಾಗಿ ಅಪ್ಪನ ಮಂಡಿಗೂ ತೊಂದರೆಯಿಲ್ಲ. ಚಿಕ್ಕದೊಂದು ಟಾರ್ಚ್ ಇಟ್ಟುಕೊಂಡಿರು. ಬೆಳಕನ್ನು ಗೋಡೆಗೆ ನೇರವಾಗಿ ಬಿಟ್ಟರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಗೋಡೆಯ ಪಕ್ಕಕ್ಕೆ ಹಿಡಿದು ಓರೆಯಾಗಿ ಬಿಡು, ಮೀನಿನ ರೆಕ್ಕೆ, ನೀರಾನೆಯ ಬಾಯಿ, ಕತ್ತೆಕಿರುಬವನ್ನು ಕೆಡವಿ ಬಾಯಿಗೆ ತುರುಕಿ ತಿನ್ನಿಸುವವರ ಬೆರಳು, ಎಲ್ಲ ಎದ್ದು ನಿಲ್ಲುತ್ತದೆ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಕೈಕೆಲಸ ಅದು! ಗೋಡೆಯನ್ನು ಮುಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿಡು, ಕೈಯ ಬೆವರಿಗೆ ಬಣ್ಣ ಹೋಗುತ್ತದೆ. ಉನಾಸ್ ರಾಜನ ಪಿರಮಿಡ್ ತೆರೆದಿದ್ದರೆ ಅದನ್ನೂ ಬಿಡಬೇಡ. ಹೊರಗೆ ಕಲ್ಲಿನ ದಿಬ್ಬದಂತೆ ಕಾಣುತ್ತದೆ ಅಷ್ಟೆ, ಒಳಗೆ ಮಾತ್ರ ಗೋಡೆಯ ತುಂಬ ನೀಲಿ ಅಕ್ಷರ, ಚಾವಣಿಯಲ್ಲಿ ನಕ್ಷತ್ರ. ಪಿರಮಿಡ್ಡಿನೊಳಗೆ ಬರಹ ಕೆತ್ತಿದ್ದು ಅಲ್ಲೇ ಮೊದಲು. ಸಕಾರಾದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಮರಳಿನಲ್ಲಿ ನಡೆಯುವ ಬದಲು ಕಾರಿನಲ್ಲೇ ಹೋಗಿ.

ದಹಶೂರಿನಲ್ಲಿ ಸ್ನೆಫ್ರು ರಾಜನ ಎರಡು ಪಿರಮಿಡ್‌ಗಳಿವೆ. ಮೊದಲನೆಯದು ಬಾಗಿದ್ದು: ಕೆಳಗೆ 54 ಡಿಗ್ರಿ ಕಡಿದಾಗಿ ಏರಿ, ಅರ್ಧದಲ್ಲಿ 43ಕ್ಕೆ ಇಳಿದಿದೆ. ಅಡಿಯ ನೆಲ ಗಟ್ಟಿಯಿಲ್ಲದೆ ಒಳಗೆ ಬಿರುಕು ಬಿಟ್ಟಿದ್ದರಿಂದ ಭಾರ ತಗ್ಗಿಸಲು ಹಾಗೆ ಮಾಡಿದರೆಂದು ಹೇಳುತ್ತಾರೆ. ಮೇಲಿನ ನುಣುಪು ಕಲ್ಲಿನ ಹೊದಿಕೆ ಇಲ್ಲಿ ಉಳಿದಷ್ಟು ಬೇರೆಲ್ಲೂ ಉಳಿದಿಲ್ಲ, ಹತ್ತಿರ ಹೋಗಿ ಎರಡು ಕಲ್ಲು ಸೇರುವ ಸಂದನ್ನು ನೋಡು. ಪಕ್ಕದ ಕೆಂಪು ಪಿರಮಿಡ್ಡನ್ನು ಬುಡದಿಂದಲೇ 43 ಡಿಗ್ರಿಗೆ ಕಟ್ಟಿದರು, ನಿಂತಿತು. ಒಳಗೆ ಹೋಗುವುದಾದರೆ ಮೊದಲು ಹೊರಗಿನ ಮೆಟ್ಟಿಲು ಹತ್ತಬೇಕು, ಆಮೇಲೆ ಸುಮಾರು 60 ಮೀಟರ್ ಇಳಿಜಾರಿನಲ್ಲಿ ಬಗ್ಗಿಕೊಂಡೇ ಇಳಿಯಬೇಕು. ಮುಖ ಮೆಟ್ಟಿಲ ಕಡೆಗೆ ಮಾಡಿ, ಏಣಿ ಇಳಿಯುವ ಹಾಗೆ ಹಿಂದುಹಿಂದಾಗಿ ಇಳಿದರೆ ತೊಡೆ ಹಿಡಿದುಕೊಳ್ಳುವುದಿಲ್ಲ. ಬೆನ್ನಿನ ಚೀಲ ಹೊರಗೇ ಇರಲಿ. ಒಳಗೆ ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ, ಮಕ್ಕಳು ಹೆದರಿದರೆ ಒತ್ತಾಯ ಬೇಡ.

ಈ ದಿನಕ್ಕೆ ಕಾರನ್ನು ಇಡೀ ದಿನಕ್ಕೆ ಮಾತಾಡಿಕೊ, ಕಾಯುವ ಹೊತ್ತನ್ನೂ ಸೇರಿಸಿ. ಆ್ಯಪ್ ನಂಬಿ ಹೋದರೆ ದಹಶೂರಿನಿಂದ ವಾಪಸು ಬರಲು ಗಾಡಿ ಸಿಗುವುದು ಕಷ್ಟ. ಹತ್ತಿರದಲ್ಲಿ ಊಟವೂ ಸಿಗುವುದಿಲ್ಲ. ಕೈರೋದಲ್ಲೇ ಬೆಳಿಗ್ಗೆ ಕೊಶರಿ ಕಟ್ಟಿಸಿಕೊ: ಅನ್ನ, ಮಸೂರ, ಕಡಲೆ, ಮ್ಯಾಕರೋನಿ, ಮೇಲೆ ಟೊಮೆಟೊ ಸಾಸ್ ಮತ್ತು ಗರಿಗರಿ ಈರುಳ್ಳಿ. ಅಪ್ಪಟ ಸಸ್ಯಾಹಾರ. ತಾಮಿಯಾ ಕೂಡ ಅಮ್ಮನಿಗೆ ಹಿಡಿಸುತ್ತದೆ, ಕಾಳು ನೆನೆಸಿ ರುಬ್ಬಿ ಕರಿದದ್ದು, ನಮ್ಮ ಅಂಬೊಡೆಯ ತಂಗಿ.

ಗೀಜಾದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಖುಫು ರಾಜನ ಪಿರಮಿಡ್ಡಿನ ಒಳಕ್ಕೆ ಬೇರೆ ಟಿಕೆಟ್. ಅಪ್ಪ ಅಮ್ಮನಿಗೆ ಅದು ಬೇಡವೇ ಬೇಡ. ಸುಮಾರು 40 ಮೀಟರ್ ದೂರ ಎದೆಮಟ್ಟದ ಇಕ್ಕಟ್ಟಿನಲ್ಲಿ ಬಗ್ಗಿ ಏರಬೇಕು, ಜನರ ಉಸಿರಿಗೆ ಒಳಗೆ ಸೆಕೆ. ಮೇಲಿನ ಕೋಣೆಯಲ್ಲಿ ಒಂದಕ್ಷರವೂ ಇಲ್ಲ, ಮುಚ್ಚಳವಿಲ್ಲದ ಗ್ರಾನೈಟ್ ಪೆಟ್ಟಿಗೆಯೊಂದು ಮಾತ್ರ. ಅವರಿಗೆ ಹೊರಗಿನ ನೋಟವೇ ಸಾಕು. ಬುಡದ ಒಂದೊಂದು ಬದಿಯೂ 230 ಮೀಟರ್, ಅಷ್ಟು ದೂರ ನಡೆದರೇನೇ ಅದರ ಗಾತ್ರ ಅರ್ಥವಾಗುವುದು.

ಟಿಕೆಟ್ ಕೌಂಟರಿನಲ್ಲಿ ಕಾರ್ಡು ಬೇಕು, ನಗದು ನಡೆಯುವುದಿಲ್ಲ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಕೊ, ಇಲ್ಲವಾದರೆ ಕಾರ್ಡು ಅಲ್ಲಿ ಕೈಕೊಡುತ್ತದೆ. ಬಕ್ಷೀಸಿಗೆ ಚಿಲ್ಲರೆ ನೋಟು ಬೇರೆ ಜೇಬಿನಲ್ಲಿಡು. ಆ ಪದ ಅಲ್ಲೂ ಅದೇ. ಒಂಟೆ ಹತ್ತುವುದಾದರೆ ಹತ್ತಿ, ಸುತ್ತಿ, ಇಳಿಸುವವರೆಗೆ ಒಟ್ಟು ಎಷ್ಟು, ಎಷ್ಟು ಜನಕ್ಕೆ ಅಂತ ನೆಲದ ಮೇಲೆ ನಿಂತಾಗಲೇ ಕೇಳಿ ಗಟ್ಟಿ ಮಾಡಿಕೊ. ಡ್ರೋನ್ ಒಯ್ಯಬೇಡ, ವಿಮಾನ ನಿಲ್ದಾಣದಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ