ಬಲೂನಿಗೆ ಸ್ವಲ್ಪ ಬಾಲ ಬಿಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಬಲೂನಿನ ನಾಯಿ ಮಾಡುವುದು ಹೇಗೆ ಅಂತ ಚಿತ್ರಸಮೇತ ಹಾಕಿದ್ದಿರಿ. ಚಿತ್ರಗಳು ಚೆನ್ನಾಗಿದ್ದವು. ಆದರೆ ಮೊದಲ ಸಾಲಿನಲ್ಲೇ ಬಲೂನಿಗೆ ಪೂರ್ತಿ ಗಾಳಿ ತುಂಬಿ ಅಂತ ಬರೆದಿದ್ದೀರಲ್ಲ, ಅಲ್ಲೇ ಕೆಟ್ಟಿತು. ನಾನು ಗೋಣಿಕೊಪ್ಪಲಿನಲ್ಲಿ ಚಿಕ್ಕದೊಂದು ಫ್ಯಾನ್ಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಸೋಮವಾರ ಬೆಳಿಗ್ಗೆ ಮಕ್ಕಳು ಉದ್ದ ಬಲೂನು ಕೇಳಿಕೊಂಡು ಬಂದರು. ಸಂಜೆ ಅದೇ ಮಕ್ಕಳು ಮತ್ತೆ ಬಂದರು. ಎಲ್ಲರದ್ದೂ ಒಂದೇ ಕಥೆ. ತಲೆ ಬಂತು, ಕುತ್ತಿಗೆ ಬಂತು, ಮುಂಗಾಲು ಬಂತು, ಹಿಂಗಾಲಿಗೆ ಬರುವಷ್ಟರಲ್ಲಿ ಢಮಾರ್. ನನಗೇನೋ ವ್ಯಾಪಾರ ಆಯ್ತು, ಆದರೂ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ.

ಬಲೂನನ್ನು ಒಂದೊಂದು ಸಲ ತಿರುವಿದಾಗಲೂ ಒಳಗಿನ ಗಾಳಿ ಮುಂದಕ್ಕೆ ಸರಿಯುತ್ತದೆ. ಅದಕ್ಕೆ ಹೋಗಲು ಜಾಗ ಬೇಕು ಅಲ್ವಾ? ಅದಕ್ಕೇ ತುದಿಯಲ್ಲಿ ಗಾಳಿ ಇಲ್ಲದ ಬಾಲ ಬಿಡುವುದು. ನಾಯಿಗೆ ನಾಲ್ಕೈದು ಬೆರಳು ಸಾಕು. ಗುಳ್ಳೆ ಅಂದರೆ ಎರಡು ತಿರುವಿನ ನಡುವೆ ಉಬ್ಬಿ ನಿಲ್ಲುವ ತುಂಡು; ಅಂಥ ಸಣ್ಣ ಗುಳ್ಳೆ ಜಾಸ್ತಿ ಬರುವ ಕೆಲಸಕ್ಕೆ ಒಂದು ಗೇಣು, ಕೆಲವು ಸಲ ಅದಕ್ಕೂ ಜಾಸ್ತಿ. ಗಂಟು ಹಾಕುವ ಮೊದಲು ಚೂರು ಗಾಳಿ ಬಿಟ್ಟು ಬಾಯಿಯ ಹತ್ತಿರ ಮೆತ್ತಗೆ ಮಾಡಿಕೊಳ್ಳಬೇಕು. ಆಮೇಲೆ ಶುರುವಿಂದ ಕೊನೆಯವರೆಗೂ ಒಂದೇ ದಿಕ್ಕಿಗೆ ತಿರುವಬೇಕು. ಒಂದು ಗುಳ್ಳೆ ಬಲಕ್ಕೆ, ಮುಂದಿನದು ಎಡಕ್ಕೆ ತಿರುವಿದರೆ ಹಿಂದಿನದು ಬಿಚ್ಚಿಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಕಾರ್ಡಿನಲ್ಲಿ ಬರೆದು ಹಾಕುತ್ತಿದ್ದೆ. ನನ್ನ ದೊಡ್ಡ ತಕರಾರು ಬೇರೆ ಇದೆ. ನೀವೂ ನಾಯಿಗೇ ನಿಲ್ಲಿಸಿದ್ದೀರಿ. ಬೇಸಿಗೆ ಶಿಬಿರದವರೂ ನಾಯಿ, ಕತ್ತಿ, ಟೋಪಿ ಮಾಡಿಸಿ ಮುಗಿಸುತ್ತಾರೆ. ನಿಜವಾದ ಕೆಲಸ ಇರುವುದು ಅದರ ಮುಂದೆ. ನಾಟಕಕ್ಕೆ, ಸ್ಕೂಲ್ ಡೇಗೆ ಬೇಕಾಗುವ ದೊಡ್ಡ ಸಾಮಾನುಗಳನ್ನು ಇದೇ ಬಲೂನಿನಲ್ಲಿ ಮಾಡಬಹುದು.

ಈ ಉದ್ದ ಬಲೂನಿಗೆ ನಾವು 260 ಅಂತೀವಿ. ಎರಡು ಇಂಚು ದಪ್ಪ, ಅರವತ್ತು ಇಂಚು ಉದ್ದ ಅಂತ ಅರ್ಥ. ಇದರ ತಮ್ಮ 160, ಒಂದೇ ಇಂಚು ದಪ್ಪ, ಬೆರಳು, ಮೀಸೆ, ಬಳ್ಳಿ ಇಂಥದ್ದಕ್ಕೆ. ಒಂದು ಇಂಚಿನ ಮೆತ್ತಗಿನ ಗುಳ್ಳೆ ಮಾಡಿ, ಅದರ ಎರಡೂ ತುದಿ ಸೇರುವ ಹಾಗೆ ಮಡಚಿ, ಬುಡದಲ್ಲಿ ಮೂರ್ನಾಲ್ಕು ಸುತ್ತು ತಿರುವಿದರೆ ಪಿಂಚ್ ಟ್ವಿಸ್ಟ್. ಮಕ್ಕಳಿಗೆ ನಾನು ಕಿವಿ ತಿರುವು ಅಂತ ಹೇಳಿಕೊಡುತ್ತೇನೆ, ಯಾಕೆಂದರೆ ಕರಡಿ ಕಿವಿ ಮಾಡುವುದು ಹೀಗೇ. ಆದರೆ ಅದರ ಅಸಲಿ ಉಪಯೋಗ ಬೀಗದ್ದು. ಅದು ಇದ್ದ ಕಡೆ ಬಲೂನು ಬಿಚ್ಚುವುದಿಲ್ಲ. ಎರಡು ಕಿವಿ ತಿರುವಿನ ನಡುವಿನ ಗುಳ್ಳೆಯನ್ನು ಸೂಜಿಯಿಂದ ಒಡೆದರೆ ಒಂದು ಬಲೂನು ಎರಡು ಕೊಂಬೆಯಾಗುತ್ತದೆ, ಎರಡೂ ಕಡೆ ಗಾಳಿ ನಿಂತಿರುತ್ತದೆ. ಮೊದಲ ಸಲ ಇದನ್ನು ನೋಡಿದವರು ಬೆಚ್ಚಿಬಿದ್ದು ಆಮೇಲೆ ನಗುತ್ತಾರೆ.

ಎರಡು ವರ್ಷದ ಹಿಂದೆ ಇಲ್ಲೇ ಹತ್ತಿರದ ಒಂದು ಶಾಲೆಯವರು ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದೃಶ್ಯಕ್ಕೆ ಹನ್ನೆರಡು ಒಡಿಕತ್ತಿ ಬೇಕು ಅಂದರು. ಯುಕೆಜಿ ಮಕ್ಕಳಿಗೆ ನಿಜವಾದದ್ದು ಕೊಡುವ ಹಾಗಿಲ್ಲ, ಥರ್ಮೋಕೋಲಿನದು ರಿಹರ್ಸಲ್‌ನಲ್ಲೇ ಮುರಿದಿತ್ತು. ಒಡಿಕತ್ತಿ ಅಂದರೆ ನಿಮಗೆ ಗೊತ್ತು, ಹಿಡಿಯ ಹತ್ತಿರ ಸಪೂರ, ಮುಂದಕ್ಕೆ ಅಗಲ, ಬಾಗಿದ ಅಲಗು. ಒಂದು 260ಯನ್ನು ಬಗ್ಗಿಸಿ ಇದೇ ಕತ್ತಿ ಅಂದರೆ ಯಾವ ಅಜ್ಜನೂ ಒಪ್ಪುವುದಿಲ್ಲ. ಹಾಗಾಗಿ ಹೆಣೆದೆ. ನಾಲ್ಕು ಬೂದು ಬಲೂನು ಪಕ್ಕಪಕ್ಕ. ಮೊದಲ ಸಾಲಿನಲ್ಲಿ ಒಂದನೆಯದನ್ನು ಎರಡನೆಯದಕ್ಕೆ, ಮೂರನೆಯದನ್ನು ನಾಲ್ಕನೆಯದಕ್ಕೆ ತಿರುವಿ ಸೇರಿಸಬೇಕು. ಮುಂದಿನ ಸಾಲಿನಲ್ಲಿ ಎರಡನೆಯದು ಮೂರನೆಯದಕ್ಕೆ. ಮತ್ತೆ ಮೊದಲಿನ ಹಾಗೆ. ಬುಟ್ಟಿ ಹೆಣೆಯುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಲಗು ಬಾಗುವುದು ಹೇಗೆ ಅಂದರೆ, ಒಳ ಅಂಚಿನ ಗುಳ್ಳೆ ಒಂದೂವರೆ ಇಂಚು, ಹೊರ ಅಂಚಿನದು ಎರಡೂವರೆ. ಸಣ್ಣ ಗುಳ್ಳೆ ಇರುವ ಕಡೆಗೆ ಇಡೀ ಹೆಣಿಗೆ ತಾನಾಗಿಯೇ ಬಾಗುತ್ತದೆ, ಕೈಯಿಂದ ಬಗ್ಗಿಸುವುದೇ ಬೇಡ. ಮುಂದಕ್ಕೆ ಹೋದ ಹಾಗೆ ನಡುವಿನ ಗುಳ್ಳೆಗಳನ್ನು ದೊಡ್ಡದು ಮಾಡಿದರೆ ಅಲಗು ಅಗಲವಾಗುತ್ತದೆ. ಹಿಡಿಗೆ ಒಂದು ಕಂದು ಬಲೂನು, ಸೇರುವ ಜಾಗದಲ್ಲಿ ಎರಡು ಕಿವಿ ತಿರುವು. ಕತ್ತಿಯನ್ನು ಬೆನ್ನಿಗೆ ಸಿಕ್ಕಿಸುವ ಕೊಂಡಿ, ಅಂದರೆ ತೋಡಂಗ್, ಮಾತ್ರ ರಟ್ಟಿನದು. ಅದನ್ನು ಹಳದಿ ಬಲೂನಿನಲ್ಲೂ ಮಾಡಿ ನೋಡಿದೆ, ಸರಿ ಬರಲಿಲ್ಲ.

ಹನ್ನೆರಡು ಕತ್ತಿಗೆ ಎರಡು ರಾತ್ರಿ ಹಿಡಿಯಿತು. ದುಡ್ಡು ಕೊಡುವಾಗ ಅವರು ಕೇಳಿದ್ದು, ಗಾಳಿಗೆ ಇಷ್ಟೊಂದಾ? ಅರ್ಧ ಕೊಟ್ಟರು. ಇರಲಿ, ಅದನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ನಿಮ್ಮ ಲೇಖನದಲ್ಲಿ 'ಐದೇ ನಿಮಿಷದ ಆಟ' ಅಂತ ಓದಿದಾಗ ಅದೇ ಮಾತು ಕಿವಿಯಲ್ಲಿ ಕೇಳಿಸಿತು.

ಇದೇ ಲೆಕ್ಕದಲ್ಲಿ ಆನೆ ತಲೆಯನ್ನೂ ಹೆಣೆಯಬಹುದು. ಸೊಂಡಿಲಿನ ತುದಿಯಲ್ಲಿ ಒಂದು ಇಂಚಿನ ಗುಳ್ಳೆಗಳಿಂದ ಶುರುಮಾಡಿ ಸುತ್ತಲೂ ಕೊಳವೆಯ ಹಾಗೆ ಹೆಣೆಯುತ್ತಾ, ಹಣೆಗೆ ಬರುವಾಗ ಮೂರು ಇಂಚು. ದಂತಕ್ಕೆ ಬಿಳಿ ಬಲೂನನ್ನು ಬಿಗಿಯಾಗಿ ಬಗ್ಗಿಸಿ ಹಿಡಿದು ಅಂಗೈಯಲ್ಲಿ ನಾಲ್ಕು ಸಲ ಹಿಸುಕಿದರೆ ಆ ಬಾಗು ಹಾಗೇ ಉಳಿಯುತ್ತದೆ. ಬಲೂನು ಒಂದಷ್ಟು ಹೊತ್ತು ಹೊರಗಿದ್ದರೆ ಹೊಳಪು ಹೋಗಿ ಮಂಕಾಗುತ್ತದೆ, ಬೇರೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ಆನೆಗೆ ಮಾತ್ರ ಅದೇ ಚೆಂದ, ಥೇಟ್ ದುಬಾರೆಯಲ್ಲಿ ಸ್ನಾನ ಮಾಡಿ ಒಣಗಿದ ಆನೆಯ ಚರ್ಮ.

ನನ್ನ ಒಂದು ಆನೆ ಹಾಳಾಗಿದ್ದು ಬಿಸಿಲಿಗೆ. ಜನವರಿಯ ಬೆಳಿಗ್ಗೆ, ಚಳಿಯಲ್ಲಿ ಗಾಳಿ ತುಂಬಿ ಗಟ್ಟಿಯಾಗಿ ಮಾಡಿದ್ದೆ. ಮಧ್ಯಾಹ್ನ ಬಯಲಿನಲ್ಲಿ ಇಟ್ಟರು. ಒಳಗಿನ ಗಾಳಿ ಹಿಗ್ಗಿ ಹಣೆಯಿಂದ ಶುರುವಾಗಿ ಪಟ್ ಪಟ್ ಅಂತ ಒಂದೊಂದೇ ಹೋಯಿತು. ಹೆಣಿಗೆ ಬಿಗಿ ಇದ್ದುದರಿಂದ ತಲೆ ಬೀಳಲಿಲ್ಲ, ಸಿಡುಬು ಬಂದ ಆನೆಯ ಹಾಗೆ ಕಂಡಿತು. ಬಯಲಿನ ಕೆಲಸಕ್ಕೆ ಗಾಳಿ ಕಮ್ಮಿ ತುಂಬಬೇಕು ಅಂತ ಅವತ್ತು ಕಲಿತೆ. ಮಳೆಗಾಲದ್ದು ಬೇರೆ ಗೋಳು, ಒದ್ದೆ ಕೈ ಜಾರುತ್ತದೆ, ಚೂರು ಪೌಡರ್ ಹಚ್ಚಿಕೊಳ್ಳಬೇಕು. ಪೌಡರಿನದು ಹೊಸ ಉಪಾಯವೇನಲ್ಲ. 1824ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಎರಡು ರಬ್ಬರ್ ಹಾಳೆಗಳ ಅಂಚು ಒತ್ತಿ ಮೊದಲ ರಬ್ಬರ್ ಬಲೂನು ಮಾಡಿದಾಗ, ಒಳಗೆ ಅಂಟಿಕೊಳ್ಳಬಾರದು ಅಂತ ಹಿಟ್ಟು ಹಚ್ಚಿದ್ದರಂತೆ.

ಇನ್ನೊಂದು ಮಾತು ನೀವು ಹಾಕಲೇಬೇಕಿತ್ತು. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ಊದದ ಬಲೂನು, ಒಡೆದ ಚೂರು ಸಿಗಬಾರದು. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟಿ ಉಸಿರು ಕಟ್ಟುತ್ತದೆ. ಊದಲಿಕ್ಕೂ ಬಾಯಿ ಬೇಡ, ಕೈಪಂಪು ಸಾಕು. ಬಲೂನು ರಬ್ಬರ್ ಮರದ ಹಾಲಿನದು, ಮಣ್ಣಿನಲ್ಲಿ ಕರಗುತ್ತದೆ ಅಂತ ನನ್ನಂಥ ಅಂಗಡಿಯವರೇ ಹೇಳುತ್ತೇವೆ. ಹೌದು, ಸಂಪಾಜೆ ಕಡೆ ತೋಟಗಳಲ್ಲಿ ಇಳಿಸುವಂಥ ಹಾಲೇ. ಆದರೆ ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ದನ ತಿಂದಿರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ನಾನು ಒಂದು ಗೋಣಿಚೀಲ ಹಿಡಿದು ಚೂರು ಹೆಕ್ಕುತ್ತೇನೆ.

ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಜಾಗ ಇದ್ದರೆ ನಾಲ್ಕು ಬಲೂನಿನ ಹೆಣಿಗೆಯ ಚಿತ್ರವನ್ನೂ ಹಾಕಿ, ಚಿತ್ರ ಬರೆಯುವವರನ್ನು ಅಂಗಡಿಗೆ ಕಳಿಸಿದರೆ ಕೂತು ಮಾಡಿ ತೋರಿಸುತ್ತೇನೆ, ಕಾಫಿ ನನ್ನದೇ. ಸ್ವಲ್ಪ ಬೇಗ ಆದರೆ ಒಳ್ಳೆಯದು. ಪಕ್ಕದ ಮನೆ ಹುಡುಗಿ ನಿಮ್ಮ ಪುಟವನ್ನು ಗೋಡೆಗೆ ಅಂಟಿಸಿಕೊಂಡಿದ್ದಾಳೆ, ನಾನು ಹೇಳಿದರೆ ಪೇಪರಿನಲ್ಲಿ ಹಾಗೆ ಬರೆದಿಲ್ಲ ಅಂಕಲ್ ಅಂತಾಳೆ. ಅವಳ ನಾಯಿಗೆ ಇನ್ನೂ ಹಿಂಗಾಲು ಬಂದಿಲ್ಲ.

ಇತಿ,
ನಿಮ್ಮ ಓದುಗ, ಗೋಣಿಕೊಪ್ಪಲು