ಚೆಕ್ ಪದ್ಯ: ಓರೆಗೀಟು ಒತ್ತಿನ ಗುರುತಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಚೆಕ್ ಕಾವ್ಯದ ಲೇಖನವು, ಸ್ವರಾಕ್ಷರದ ನೆತ್ತಿಯ ಮೇಲೆ ಓರೆಗೀಟು ಇರುವಲ್ಲೆಲ್ಲ ಒತ್ತಿ ಓದಬೇಕು ಎನ್ನುತ್ತದೆ. ಹಾಗೆ ಓದಿದರೆ ಲಯವೇ ಕೆಡುತ್ತದೆ. ಆ ಗೀಟು ದೀರ್ಘದ ಗುರುತು. ಒತ್ತು ಬೀಳುವುದು ಪದದ ಮೊದಲ ಅಕ್ಷರದ ಮೇಲೆ, ಅದು ಹ್ರಸ್ವವಿರಲಿ ದೀರ್ಘವಿರಲಿ.

ಚೆಕ್ ಕವಿ ಕರೆಲ್ ಹಿನೆಕ್ ಮಾಖಾ 1836ರಲ್ಲಿ ಪ್ರಕಟಿಸಿದ ‘ಮಾಯ್’ (ಮೇ ತಿಂಗಳು) ಕಾವ್ಯದ ಮೊದಲ ಸಾಲು: ‘ಬಿಲ್ ಪೊಜ್‌ದ್ನೀ ವೆಚೆರ್, ಪ್ರ್‌ವ್ನೀ ಮಾಯ್’. ಎಂಟು ಅಕ್ಷರ: ಬಿಲ್, ಪೊಜ್, ದ್ನೀ, ವೆ, ಚೆರ್, ಪ್ರ್, ವ್ನೀ, ಮಾಯ್ (‘ಪ್ರ್’ನಲ್ಲಿ ರಕಾರವೇ ಸ್ವರದ ಕೆಲಸ ಮಾಡುತ್ತದೆ). ಮೊದಲು ಹಗುರ, ಆಮೇಲೆ ಒತ್ತು ಎಂಬ ಅಯಾಂಬಿಕ್ ನಡೆ. ನಮ್ಮ ರೀತಿಯಲ್ಲಿ ಪ್ರಸ್ತಾರ ಹಾಕಿದರೆ ಏಳು ಗುರು, ಒಂದೇ ಲಘು ಸಿಗುತ್ತವೆ. ಆ ಲಘು ‘ವೆ’. ಅದು ನಾಲ್ಕನೆಯ ಅಕ್ಷರ, ಒತ್ತು ಬೀಳುವ ಜಾಗ! ದೀರ್ಘವಾದ ‘ನೀ’ ಎರಡು ಸಲವೂ ಹಗುರ ಜಾಗದಲ್ಲಿದೆ. ಮಾತ್ರೆ ಎಣಿಸುವ ಕಿವಿಗೆ ಇಲ್ಲಿ ಲಯ ಸಿಕ್ಕುವುದೇ ಇಲ್ಲ.

ಪ್ರತಿ ಪದವೂ ಒತ್ತಿನಿಂದಲೇ ಶುರುವಾಗುವ ಭಾಷೆಯಲ್ಲಿ ಸಾಲನ್ನು ಹಗುರವಾಗಿ ಎತ್ತಿಕೊಳ್ಳುವುದು ಕಷ್ಟ. ಮಾಖಾ ‘ಬಿಲ್’ ಎಂಬ ಒಂದಕ್ಷರದ ಪದವನ್ನು ಮುಂದಿಟ್ಟು, ಎರಡಕ್ಷರದ ಮೂರು ಪದಗಳನ್ನು ಅದರ ಹಿಂದೆ ಜೋಡಿಸಿದ್ದಾನೆ. ಎರಡನೆಯ ಸಾಲು ‘ವೆಚೆರ್ನೀ’ ಎಂಬ ಮೂರಕ್ಷರದ ಪದದಿಂದ ಆರಂಭವಾಗುತ್ತದೆ. ಅಲ್ಲಿ ಒತ್ತು ಮೊದಲನೆಯ ಅಕ್ಷರಕ್ಕೇ ಬಿದ್ದು, ನಾಲ್ಕನೆಯದರಿಂದ ನಡೆ ಮತ್ತೆ ಹಳಿಗೆ ಬರುತ್ತದೆ. ಇದನ್ನು ಛಂದೋಭಂಗ ಎನ್ನಬಾರದು. ಚೆಕ್ ಅಯಾಂಬಿಕ್ಕಿನಲ್ಲಿ ಇದು ಒಪ್ಪಿತ ಆರಂಭ.

ದೀರ್ಘವನ್ನೇ ಆಧಾರ ಮಾಡಿಕೊಳ್ಳಬೇಕೆಂಬ ವಾದ ಇರಲಿಲ್ಲವೆಂದಲ್ಲ. 1795ರಲ್ಲಿ ಭಾಷಾವಿದ್ವಾಂಸ ದೊಬ್ರೊವ್ಸ್ಕೀ ಒತ್ತಿನ ಪರ ನಿಂತರೆ, 1818ರಲ್ಲಿ ಪಲಾತ್ಸ್ಕೀ ಮತ್ತು ಶಫಾರ್ಜೀಕ್ ಎಂಬ ವಿದ್ವಾಂಸರು ಗ್ರೀಕ್–ಲ್ಯಾಟಿನ್ ಮಾದರಿಯ ಮಾತ್ರಾಪದ್ಯವನ್ನು ಎತ್ತಿಹಿಡಿದರು. ಚೆಕ್‌ನಲ್ಲಿ ಅರ್ಥ ಬದಲಿಸುವುದು ಹ್ರಸ್ವ–ದೀರ್ಘವೇ ಹೊರತು ಒತ್ತಲ್ಲ. ಹಾಗಾಗಿ ಆ ವಾದವನ್ನು ಬರಿಯ ಪಂಡಿತರ ಹಟವೆಂದು ತಳ್ಳಿಹಾಕಲಾಗದು. ಆದರೂ ಕೇಳುಗನ ಕಿವಿ ಪದದ ಆರಂಭವನ್ನೇ ಹಿಡಿಯುತ್ತದೆ. ಕೊನೆಗೆ ಗೆದ್ದದ್ದೂ ಒತ್ತೇ.

ವಾಚನದಲ್ಲಿ ಇನ್ನೊಂದು ಎಡವಟ್ಟು ಸಾಮಾನ್ಯ. ‘ನ’, ‘ದೊ’ ಮುಂತಾದ ಒಂದಕ್ಷರದ ಪದಗಳು ನಾಮಪದದ ಮುಂದೆ ಬಂದಾಗ ಒತ್ತನ್ನು ತಾವೇ ಎಳೆದುಕೊಳ್ಳುತ್ತವೆ. ‘ನ ಸ್ತೊಲೆ’ (ಮೇಜಿನ ಮೇಲೆ) ಎಂಬಲ್ಲಿ ಒತ್ತು ‘ನ’ಕ್ಕೆ, ಎರಡೂ ಕೂಡಿ ಮೂರಕ್ಷರದ ಒಂದೇ ಪದದಂತೆ ಉಚ್ಚಾರವಾಗುತ್ತವೆ. ನಡುವೆ ಬಿಟ್ಟು ಓದಿ ‘ಸ್ತೊ’ವನ್ನು ಒತ್ತಿದರೆ ಸಾಲು ಕುಂಟುತ್ತದೆ. ಮುಂದಿನ ಕಂತಿನಲ್ಲಿ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಕೊಡುವಾಗ ಇಂಥ ಜೋಡಿಗಳ ನಡುವೆ ಅಡ್ಡಗೆರೆ ಹಾಕಿ ಅಚ್ಚುಮಾಡಿದರೆ ಓದುವವರಿಗೆ ಅನುಕೂಲ.

– ಛಂದಸ್ಸಿನ ಒಬ್ಬ ಓದುಗ, ಮೈಸೂರು