ಶನಿಯ ದಾರಿಯೂ ಸಭೆಯ ‘ಒಮ್ಮತ’ವೂ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಸಂಘ ರವಿವಾರ ನಡೆಸಿದ, ಗಗನಯಾತ್ರಿಗಳು ಶನಿಯ ಬಳಿಗೂ ಅದರಾಚೆಗೂ ಹೋಗುವ ಕತೆಯ ‘ಇಂಟರ್‌ಸ್ಟೆಲ್ಲರ್’ ಚಿತ್ರಚರ್ಚೆಯ ಬಗ್ಗೆ ಇಂದಿನ ಸಂಚಿಕೆಯಲ್ಲಿ ಬಂದ ವರದಿಯನ್ನು ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಚಿತ್ರದ ಕಾಲಗಣನೆ ಪೂರ್ತಿ ಕಪೋಲಕಲ್ಪಿತವೆಂದು ಸಭೆ ಒಮ್ಮತದಿಂದ ಒಪ್ಪಿತಂತೆ! ನಮ್ಮಲ್ಲಿ ಹಲವರಿಗೆ ಅಂದು ಬಾಯಿ ತೆರೆಯಲೂ ಬಿಡಲಿಲ್ಲ.

ಕ್ಯಾಸಿನಿ ನೌಕೆ 1997ರಲ್ಲಿ ಹೊರಟು 2004ರಲ್ಲಿ ಶನಿಗ್ರಹವನ್ನು ತಲುಪಿದ್ದರಿಂದ ಚಿತ್ರದಲ್ಲಿ ಹೇಳಿದ ಎರಡು ವರ್ಷದ ಪ್ರಯಾಣ ಅಸಾಧ್ಯವೆಂದು ಮುಖ್ಯ ಅತಿಥಿಗಳು ಮೇಜು ಗುದ್ದಿ ಹೇಳಿದರು. ಭಾರವಾದ ಆ ನೌಕೆ ಶುಕ್ರನನ್ನು ಎರಡು ಸಲ, ಭೂಮಿಯನ್ನೂ ಗುರುವನ್ನೂ ಒಂದೊಂದು ಸಲ ಹಾದು, ಅವುಗಳ ಗುರುತ್ವದಿಂದ ವೇಗ ಪಡೆಯುತ್ತ ಸುತ್ತುದಾರಿಯಲ್ಲಿ ಹೋಯಿತೆಂಬುದನ್ನು ಮಾತ್ರ ಹೇಳಲಿಲ್ಲ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಮೂರು ವರ್ಷ ಚಿಲ್ಲರೆಯಲ್ಲಿ ಶನಿಯ ಬಳಿ ಸೇರಿತ್ತು. 2006ರಲ್ಲಿ ಹೊರಟ ನ್ಯೂ ಹೊರೈಜನ್ಸ್ ಎರಡೂವರೆ ವರ್ಷದೊಳಗೇ ಶನಿಯ ಕಕ್ಷೆಯನ್ನು ದಾಟಿತು. ಇವೆರಡೂ ಅಲ್ಲಿ ನಿಲ್ಲದೆ ಮುಂದೆ ಸಾಗಿದವು. ಅಷ್ಟೇ ರಭಸದಿಂದ ಮನುಷ್ಯರನ್ನು ಹೊತ್ತು ಹೋದ ಚಿತ್ರದ ನೌಕೆ ಅಲ್ಲಿ ವೇಗ ತಗ್ಗಿಸಲು ಇಂಧನವನ್ನು ಎಲ್ಲಿಂದ ತಂದಿತೆಂದು ಕೇಳಿದ್ದರೆ ಅದು ಚರ್ಚೆಯಾಗುತ್ತಿತ್ತು.

ಚಿತ್ರದ ಗ್ರಹವೊಂದರಲ್ಲಿ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ; ಈ ‘ಒಂದು ಗಂಟೆಗೆ ಏಳು ವರ್ಷ’ ಎಂಬ ಲೆಕ್ಕ ಇದಕ್ಕಿಂತ ತೀರ ಬೇರೆ. ಅದಕ್ಕೆ ಕಾರಣ ಆ ಗ್ರಹದ ಬಳಿಯ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಗುರುತ್ವ; ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನವಾಗಿ ಸಾಗುತ್ತದೆ. ಆ ಕುಳಿ ತಾನು ತಿರುಗಬಹುದಾದ ಗರಿಷ್ಠ ಮಿತಿಗೆ ಅತಿ ಸಮೀಪದ ವೇಗದಲ್ಲಿ ತಿರುಗುತ್ತಿದ್ದರೆ ಇದು ಸಾಧ್ಯವೆಂದು ಚಿತ್ರದ ಸಲಹೆಗಾರ, 2017ರ ನೊಬೆಲ್ ವಿಜೇತ ಭೌತವಿಜ್ಞಾನಿ ಕಿಪ್ ಥಾರ್ನ್ ಲೆಕ್ಕ ಹಾಕಿದ್ದಾರೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುವುದೂ ಮುಖ್ಯವಾಗಿ ಇದೇ ನಿಯಮದ ಫಲ. ಚಿತ್ರದಲ್ಲಿ ಆ ಗ್ರಹಕ್ಕಿಳಿದವರು ಮರಳುವಷ್ಟರಲ್ಲಿ ಹೊರಗೆ 23 ವರ್ಷ ಕಳೆದಿರುತ್ತದೆ; ಹಾಗಾಗಬೇಕಾದರೆ ಅವರು ಅಲ್ಲಿ ಮೂರು ಗಂಟೆಗೂ ಮಿಕ್ಕಿ ಇದ್ದಿರಬೇಕು. ಅಲೆ ಬಡಿದು ನೌಕೆಯ ಎಂಜಿನ್ನಿಗೆ ನುಗ್ಗಿದ ನೀರು ಇಳಿಯಲು ಮುಕ್ಕಾಲರಿಂದ ಒಂದು ಗಂಟೆ ಸಾಕೆಂದು ಚಿತ್ರದಲ್ಲೇ ಹೇಳುತ್ತಾರೆ. ಉಳಿದ ಎರಡು ಗಂಟೆ ಎಲ್ಲಿ ಹೋಯಿತು? ಶಂಕೆ ಪಡುವುದಿದ್ದರೆ ಇಲ್ಲಿ ಪಡಬೇಕಿತ್ತು.

ಇದನ್ನು ಹೇಳಲು ನಾನು ಎದ್ದು ನಿಂತೊಡನೆ ಪದಾಧಿಕಾರಿಯೊಬ್ಬರು ಗಡಿಯಾರ ತೋರಿಸಿ ಮೈಕ್ ಕಿತ್ತುಕೊಂಡರು. ಹಳಿ ದುರಸ್ತಿಗೆಂದು ರೈಲುಗಳನ್ನು ಕಡಿತಗೊಳಿಸುವ ಮೆಗಾಬ್ಲಾಕ್ ದಿನ, ಮುಂಬಯಿ ಬಳಿಯ ಡೊಂಬಿವಲಿಯಿಂದ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್‌ನಲ್ಲಿ ಉದ್ದಕ್ಕೂ ನಿಂತು, ಮೊಮ್ಮಗಳನ್ನೂ ಕರೆದುಕೊಂಡು ಬಂದವರಿಗೆ ಸಿಕ್ಕ ಮರ್ಯಾದೆ ಇದು. ಶಾಲು, ಹಾರ, ಸ್ಮರಣಿಕೆಗೆಂದು ಅರ್ಧ ಸಂಜೆಯನ್ನು ಕಳೆದವರಿಗೆ ಪ್ರಶ್ನೋತ್ತರಕ್ಕೆ ಬಂದಾಗಲೇ ಸಮಯದ ನೆನಪಾಯಿತು. ಹಿಂದೆ ಸೂರ್ಯಗ್ರಹಣದ ಉಪನ್ಯಾಸದಲ್ಲೂ ಇದೇ ಕತೆ. ವಾಚನಾಲಯದ ವಿಜ್ಞಾನ ಪುಸ್ತಕಗಳ ಕಪಾಟಿಗೆ ಬೀಗ ಹಾಕಿ, ಕೀಲಿಕೈ ಕೇಳಿದವರನ್ನು ಒಬ್ಬರಿಂದ ಇನ್ನೊಬ್ಬರ ಬಳಿಗೆ ಅಲೆಸುವವರೂ ಇವರೇ.

ದಯವಿಟ್ಟು ವರದಿಯನ್ನು ತಿದ್ದಿ ಪ್ರಕಟಿಸಿ, ಇಲ್ಲವೇ ವಿಷಯ ಬಲ್ಲವರಿಂದ ಒಂದು ಲೇಖನವನ್ನಾದರೂ ಬರೆಸಿ. ಸಂಘದವರು ಚರ್ಚೆಯನ್ನು ಮತ್ತೊಮ್ಮೆ ಸರಿಯಾಗಿ ನಡೆಸಲಿ. ಅರೆಬರೆ ಓದಿಕೊಂಡು ಬರುವವರನ್ನು ಮುಖ್ಯ ಅತಿಥಿಯೆಂದು ಕೂರಿಸುವ ಚಾಳಿಯನ್ನು ಈ ಪದಾಧಿಕಾರಿಗಳು ಮೊದಲು ಬಿಡಲಿ.

ಇತಿ,
ಓರ್ವ ಹಳೆಯ ಓದುಗ, ಡೊಂಬಿವಲಿ ಪೂರ್ವ